ನೀಲಿ ಪರದೆ ತೆಗೆದುಬಿಡು

ಅಕ್ಕಾ,

ಹಿಂಬಾಗಿಲ ಚಿಲಕ ಸರಿಮಾಡಲು ಬಡಗಿಯನ್ನು ಇವತ್ತೇ ಕರೆಸು. ಅಡುಗೆಮನೆ ಕಿಟಕಿಗೆ ನಾನು ಹೊಲಿದುಕೊಟ್ಟ ನೀಲಿ ಪರದೆಯನ್ನೂ ತೆಗೆದುಬಿಡು. ನಿನ್ನೆ ಫೋನಿನಲ್ಲಿ ಕಾರಣ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ.

ಪಾರ್ಕಿನ ಮರ ಕಡಿಯಬೇಡಿ ಎಂದು ನೀನು ಫೇಸ್‌ಬುಕ್ಕಿನಲ್ಲಿ ಬರೆದಾಗ ನಾಲ್ಕು ಜನವೂ ನಿನ್ನ ಪರ ನಿಲ್ಲಲಿಲ್ಲ. ನನಗೆ ತಡೆಯಲಾಗಲಿಲ್ಲ. ಮರ ಕಡಿಸುವ ಗುಂಪಿನವನ ಹಾಗೆ ನಕಲಿ ಖಾತೆ ತೆರೆದು ನಿನ್ನನ್ನು ಬೆದರಿಸಿದವಳು ನಾನೇ. ನಿಜ ಅನ್ನಿಸಲಿ ಅಂತ ನೀಲಿ ಪರದೆಯ ಗುರುತನ್ನೂ ಬರೆದೆ. ಮಾರನೆಯ ದಿನವೇ ಊರೆಲ್ಲ ನಿನ್ನ ಕಡೆ ತಿರುಗಿತು. ಬರೆದದ್ದು ಅವರೇ ಅಂತ ಬೈಗುಳ ತಿಂದವರು ಆ ಗುಂಪಿನ ಔಷಧಿ ಅಂಗಡಿಯವರು. ಅವರ ಮಗಳು ಶಾಲೆಗೆ ಹೋಗುವುದನ್ನೇ ಬಿಟ್ಟಿದ್ದಾಳೆ ಅಂತ ನೀನು ಹೇಳಿದಾಗ ನಾನು "ಹೂಂ" ಅಂದು ಮಾತು ಬದಲಿಸಿದೆ.

ಈ ಕಾಗದವನ್ನು ಮೊದಲು ಅವರಿಗೆ ತೋರಿಸು, ಆಮೇಲೆ ಪೊಲೀಸರಿಗೆ. ನನ್ನ ಮುಖ ನೋಡಬೇಡ.

ಇನ್ನೊಂದು ಮಾತು. ನಾನು ಐದೇ ಬೆದರಿಕೆ ಬರೆದು ಖಾತೆ ಅಳಿಸಿದ್ದೆ. ನೀನು ನಿನ್ನೆ, "ಹನ್ನೆರಡಾಯ್ತು ಕಣೇ, ಎಲ್ಲಾ ಒಂದೇ ಧಾಟಿ" ಅಂದೆ. ನನ್ನ ಧಾಟಿಯನ್ನು ಯಾರೋ ಕಲಿತುಬಿಟ್ಟಿದ್ದಾರೆ. ಕೊನೆಯದರಲ್ಲಿ ಹಿಂಬಾಗಿಲ ಚಿಲಕ ಸಡಿಲ ಅಂತ ಬರೆದಿತ್ತಂತಲ್ಲ. "ಹೋಗಿ ನೋಡಿದರೆ ನಿಜವಾಗ್ಲೂ ಸಡಿಲ" ಅಂತ ನೀನು ನಕ್ಕೆ.

ಪರದೆಯ ಮಾತು ನನ್ನದು, ಒಪ್ಪಿಕೊಂಡೆ. ಆ ಚಿಲಕ ಸಡಿಲವಾಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ ಅಕ್ಕಾ.

ನಿನ್ನ ತಂಗಿ