ಎಂಟಡಿ ಆಮೆಯ ಮುಂದೆ ಕೂತು ಬರೆದದ್ದು

ಶಿಡ್ಲಘಟ್ಟ
9-12-2025, ಮಂಗಳವಾರ
(ಸ್ಟುಡಿಯೋ ಬಾಗಿಲು ಅರ್ಧ ಎಳೆದುಕೊಂಡು)

ಮುದ್ದಿನ ಮಗಳು ತನುಜಮ್ಮನಿಗೆ,

ಸಮಸ್ತ ಲೋಕಕ್ಕೂ, ವಿಶೇಷವಾಗಿ ಶಿಡ್ಲಘಟ್ಟ ತಾಲ್ಲೂಕಿನ ಮದುವಣಗಿತ್ತಿಯರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಮ್ಮ ಸ್ಟುಡಿಯೋದಲ್ಲಿ ಇಪ್ಪತ್ತಮೂರು ವರ್ಷ ಒಂದು ದಿನವೂ ರಜೆ ಹಾಕದೆ ಸುರಿದ ಬಣ್ಣದ ಜಲಪಾತದ ಪರದೆ ಕಳೆದ ತಿಂಗಳ ಕೊನೆಗೆ ಸೇವೆಯಿಂದ ನಿವೃತ್ತಿ ಹೊಂದಿದೆ. ಅದರ ಜಾಗದಲ್ಲಿ, ನೀನು ನೇತ್ರಾಣಿ ದ್ವೀಪದ ಹತ್ತಿರ ಸಮುದ್ರದೊಳಗೆ ತೆಗೆದ ಆಮೆಯು ಎಂಟಡಿ ಅಗಲದ ಫ್ಲೆಕ್ಸಾಗಿ ಅಧಿಕಾರ ವಹಿಸಿಕೊಂಡಿದೆ. ಸಮಾರಂಭಕ್ಕೆ ನಾನು, ನಿನ್ನಮ್ಮ ಮತ್ತು ಕಾಲು ಅಲುಗುವ ಸ್ಟೂಲು ಹಾಜರಿದ್ದೆವು.

ಹೇಗಿದ್ದೀಯಮ್ಮ? ಇದನ್ನು ಶಾಸ್ತ್ರಕ್ಕೆ ಕೇಳುತ್ತಿಲ್ಲ. ಎದೆ ನೋಯುತ್ತದಾ? ಕೆಮ್ಮಿದರೆ ಇನ್ನೂ ಕೆಂಪು ಬರುತ್ತದಾ? ನೀನು ಫೋನ್ ಎತ್ತಿದ್ದರೆ ಬಾಯಲ್ಲೇ ಕೇಳುತ್ತಿದ್ದೆ. ಐದು ದಿನದಿಂದ ನಿನ್ನ ಬದಲು ‘ನೀವು ಕರೆ ಮಾಡುತ್ತಿರುವ ಚಂದಾದಾರರು’ ಎನ್ನುವ ಹೆಂಗಸಿನ ಜೊತೆಗೇ ಮಾತಾಡುತ್ತಿದ್ದೇನೆ. ಬಹಳ ಮರ್ಯಾದಸ್ಥೆ, ಒಮ್ಮೆಯೂ ಬೇಸರಿಸಿಕೊಂಡಿಲ್ಲ. ಆದರೆ ನಿನ್ನ ಆರೋಗ್ಯದ ವಿಷಯ ಅವಳಿಗೂ ಗೊತ್ತಿಲ್ಲ.

ಆಮೆಯ ಯೋಗಕ್ಷೇಮ ಹೇಳಿಬಿಡುತ್ತೇನೆ. ಗಂಡಿನ ಕಡೆಗೆ ಕಳಿಸುವ ಫೋಟೋಗೆಂದು ಮೊಮ್ಮಗಳನ್ನು ಕರೆತಂದ ಆಂಜಿನಮ್ಮ ಬಾಗಿಲಲ್ಲೇ ನಿಂತುಬಿಟ್ಟರು. “ಏನಪ್ಪಾ ಬಯ್ಯಪ್ಪ, ತಾಬೇಲು ಮುಂದೆ ನಿಲ್ಲಿಸ್ತೀಯಲ್ಲ, ನಮ್ ಹುಡ್ಗಿ ಸಂಬಂಧ ಕುದುರೋಕೆ ಇನ್ನೆಷ್ಟು ವರ್ಷ ಬೇಕು?” ಅಂದರು. “ಆಮೆ ನೂರು ವರ್ಷ ಬಾಳ್ತದೆ ಅಮ್ಮಾ, ಸಂಸಾರಾನೂ ಹಂಗೇ ಬಾಳ್ತದೆ, ನಿಂತ್ಕೊಳ್ಳಿ” ಅಂದೆ. ರೇಷ್ಮೆಗೂಡು ಮಾರುಕಟ್ಟೆಯ ಮುನಿನಾರಾಯಣಪ್ಪ ಪಾಸ್‌ಪೋರ್ಟ್ ಫೋಟೋಗೂ ಆಮೆಯೇ ಬೇಕೆಂದು ಹಟ ಹಿಡಿದರು. ಬಂದವರಿಗೆಲ್ಲ ಆಮೆಯ ಕಣ್ಣು ತೋರಿಸಿದೆ. ಕಣ್ಣಿನ ಸುತ್ತಲ ಸುಕ್ಕು ಎಣಿಸಬಹುದು, ಚಿತ್ರ ಒಂದು ಕೂದಲೆಳೆಯಷ್ಟೂ ಅಲುಗಿಲ್ಲ. “ನಮ್ ಹುಡ್ಗೀದು ಕಲ್ಲಿನಂಥ ಕೈ. ನಾನೇ ಕಲ್ಸಿದ್ದು” ಎಂದು ಎದೆ ಉಬ್ಬಿಸಿಕೊಂಡು ತಿರುಗಿದ್ದೇ ತಿರುಗಿದ್ದು.

ಗುರುವಾರ ಮುರ್ಡೇಶ್ವರದಿಂದ ನಿನ್ನ ಡೈವಿಂಗ್ ಮೇಷ್ಟ್ರು ಮಧುಸೂದನ್ ಫೋನ್ ಮಾಡಿದರು. ನಿನ್ನ ಅರ್ಜಿಯಲ್ಲಿ ತುರ್ತು ನಂಬರು ಎಂದು ಇದ್ದದ್ದು ನನ್ನದಂತೆ. ನೀನು ಈ ಫೋಟೋ ತೆಗೆದ ದಿನ ಆ ಆಮೆ ಗಾಳಿ ಕುಡಿಯಲು ಮೇಲಕ್ಕೆ ಹೊರಟಿತಂತೆ. ನೀನೂ ಕ್ಯಾಮೆರಾಕ್ಕೆ ಕಣ್ಣಿಟ್ಟುಕೊಂಡು ಅದರ ಜೊತೆಗೇ ಹೊರಟೆಯಂತೆ. ನಿನ್ನ ಬಾಯಿಂದ ಒಂದೇ ಒಂದು ಗುಳ್ಳೆ ಬರಲಿಲ್ಲವಂತೆ. ದೋಣಿಗೆ ಹತ್ತಿ ಉಗುಳಿದರೆ ಉಗುಳೆಲ್ಲ ಕೆಂಪು. ವಸಡಿನ ರಕ್ತ ಎಂದು ನೀನು ನಕ್ಕೆಯಂತೆ. “ಸರ್, ಸಿಲಿಂಡರ್ ಹಾಕ್ಕೊಂಡೋರು ಉಸಿರು ಹಿಡೀಬಾರ್ದು ಅಂತ ಮೊದಲ್ನೇ ದಿನಾನೇ ಹೇಳ್ಕೊಡ್ತೀವಿ. ಕೆಳಗೆ ಅರ್ಧ ಊದಿದ ಬಲೂನು ಮೇಲೆ ಬರೋಷ್ಟ್ರಲ್ಲಿ ಉಬ್ಬಿ ಒಡೀತದೆ, ಶ್ವಾಸಕೋಶಾನೂ ಹಂಗೇ. ಎಲ್ಲ ಗೊತ್ತು ಅವ್ಳಿಗೆ. ಕಣ್ಣಿಗೆ ಕ್ಯಾಮೆರಾ ಬಂತು ಅಂದ್ರೆ ಉಸಿರು ಕಟ್ತಾಳೆ. ಯಾರು ಸರ್ ಕಲ್ಸಿದ್ದು ಇದನ್ನ?” ಅಂದರು. ನೆಟ್‌ವರ್ಕ್ ಸರಿಯಿಲ್ಲ, ಕೇಳಿಸುತ್ತಿಲ್ಲ ಅಂದುಬಿಟ್ಟೆ. ಜೀವನದಲ್ಲಿ ಅಷ್ಟು ಸ್ಪಷ್ಟವಾಗಿ ಯಾವ ಫೋನೂ ಕೇಳಿಸಿರಲಿಲ್ಲ ಕಣಮ್ಮ.

ಕಲಿಸಿದ್ದು ನಾನು, ಅದೂ ಎರಡೆರಡು ಸಲ. ನಿನಗೆ ಏಳು ವರ್ಷವಿದ್ದಾಗ ಜಂಗಮಕೋಟೆ ಕಡೆಯ ಬಾವಿಗೆ ಇಳಿಸಿ, “ಐವತ್ತು ಎಣಿಸೋ ಮುಂಚೆ ಮೇಲೆ ಬಂದ್ರೆ ಬೆಲ್ಲ ಇಲ್ಲ ಕಣೇ” ಎನ್ನುತ್ತಿದ್ದವನು ನಾನು. ಆಮೇಲೆ ಸ್ಟುಡಿಯೋದಲ್ಲಿ ಕ್ಯಾಮೆರಾ ಕೈಗೆ ಕೊಟ್ಟು, “ಉಸಿರು ಬಿಗಿ ಹಿಡಿ, ಆಮೇಲೆ ಒತ್ತು” ಎಂದವನೂ ನಾನೇ. ಈ ವಿದ್ಯೆ ನನಗೆ ಎಲ್ಲಿಂದ ಬಂತೆಂದು ನೀನು ಎಂದೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾನು ಹುಡುಗನಾಗಿದ್ದಾಗ ನಮ್ಮ ಕೇರಿಯವರು ಮೇಲಿನ ಬೀದಿಯ ಬಾವಿಯಲ್ಲಿ ಈಜುವ ಹಾಗಿರಲಿಲ್ಲ. ನಾನು ಈಜುತ್ತಿದ್ದೆ. ಯಾರಾದರೂ ಬರುವ ಸದ್ದಾದರೆ ಮುಳುಗಿ, ಕಲ್ಲಿನ ಸಂದು ಹಿಡಿದು, ಅವರು ನೀರು ಸೇದಿಕೊಂಡು ಹೋಗುವವರೆಗೆ ಉಸಿರು ಬಿಡದೆ ಕೂರುತ್ತಿದ್ದೆ. ಗುಳ್ಳೆ ಬಂದರೆ ಸಿಕ್ಕಿಬೀಳುತ್ತಿದ್ದೆ. ಒಮ್ಮೆಯೂ ಸಿಗಲಿಲ್ಲ. ನಮ್ಮ ಮನೆಯ ಆಸ್ತಿ ಎಂದರೆ ಇದೊಂದೇ ಎಂದುಕೊಂಡು ಅದನ್ನು ನಿನಗೆ ಪೂರ್ತಿ ಬರೆದುಕೊಟ್ಟೆ. ಈಗ ನೋಡಿದರೆ ಆ ಆಸ್ತಿ ನಿನ್ನ ಎದೆಯೊಳಗೆ ಕೂತು ಬಲೂನು ಊದುತ್ತಿದೆ.

ಇಷ್ಟನ್ನು ಅವತ್ತೇ, ಅವರ ಫೋನ್ ಇಟ್ಟೊಡನೆ ನಿನಗೆ ಫೋನ್ ಮಾಡಿದಾಗಲೇ ಹೇಳಬೇಕಿತ್ತು. ಹೆದರಿಕೆಯಾದಾಗ ನನ್ನ ಬಾಯಿಂದ ಬರುವುದು ಬೈಗುಳ ಮಾತ್ರ. “ಮೀನು ಫೋಟೋ ಯಾವನಿಗೆ ಬೇಕು, ಬಂದು ಮದ್ವೆ ಆಲ್ಬಮ್ ನೋಡ್ಕೋ” ಅಂದೆ. “ಬಾವಿಗೆ ತಳ್ಳಿದೋನು ನೀನೇ ಅಲ್ವಾ ಅಪ್ಪಾ” ಎಂದು ಫೋನ್ ಇಟ್ಟೆ ನೀನು. ಅವತ್ತಿನಿಂದ ನಾನು ಪಾಸ್‌ಪೋರ್ಟ್ ಫೋಟೋದಲ್ಲೂ ಜನರ ತಲೆ ಕತ್ತರಿಸುತ್ತಿದ್ದೇನೆ. ಡಾಕ್ಟರು ನೋಡುವವರೆಗೆ ನೀರಿಗಿಳಿಯಬೇಡ ಎಂದು ಮಧುಸೂದನ್ ಹೇಳಿದ್ದಕ್ಕೆ ನೀನು ಬೇರೆ ದೋಣಿ ಹುಡುಕಿಕೊಂಡಿದ್ದೀಯಂತೆ. ಬಸ್ಸಿನಷ್ಟು ಉದ್ದದ ಚುಕ್ಕೆ ಮೀನೊಂದು ದ್ವೀಪದ ಹತ್ತಿರ ಬಂದಿದೆಯಂತೆ, ಭಾನುವಾರ ಹೋಗುತ್ತೀಯಂತೆ. ಇವತ್ತು ಮಂಗಳವಾರ. ಅಂಚೆ ಕಚೇರಿಯವರನ್ನು ಮೂರು ಸಲ ಕೇಳಿದೆ, ಸ್ಪೀಡ್ ಪೋಸ್ಟ್ ಶುಕ್ರವಾರದೊಳಗೆ ಸೇರುತ್ತದೆ ಅಂದರು. ನಾಲ್ಕನೆಯ ಸಲಕ್ಕೆ, “ನಾವೇ ಎತ್ಕೊಂಡು ಓಡೋಣ್ವಾ ಸ್ವಾಮಿ” ಅಂದರು. ಓಡುವುದಾದರೆ ದುಡ್ಡು ಜಾಸ್ತಿ ಕೊಡುತ್ತಿದ್ದೆ.

ಸಮುದ್ರ ಬಿಡು ಎಂದು ಹೇಳುತ್ತಿಲ್ಲ ಮಗಳೇ. ಆ ಮಾತು ವಾಪಸ್ ತೆಗೆದುಕೊಂಡಿದ್ದೇನೆ. ಎದೆ ಸರಿಯಾದ ಮೇಲೆ ಹೋಗು, ಎಷ್ಟು ಬೇಕಾದರೂ ಹೋಗು. ಆದರೆ ಗುಳ್ಳೆ ಬಿಡು. ಗುಳ್ಳೆಗೆ ಮೀನು ಬೆದರಿ ಓಡಿದರೆ ಓಡಲಿ, ಬಾಲದ ಫೋಟೋ ತಾ, ಅಲುಗಿದ ಫೋಟೋ ತಾ, ನಾನು ಚೌಕಟ್ಟು ಹಾಕಿಸುತ್ತೇನೆ. ಅಲ್ಲಿ ಮೇಲೆ ಯಾರೂ ಬಿಂದಿಗೆ ಹಿಡಿದು ನಿಂತಿಲ್ಲ. ನೀನು ಯಾರ ಕಣ್ಣಿಗೂ ಬೀಳದೆ ಅಡಗಿ ಕೂರಬೇಕಾಗಿಲ್ಲ. ಧಾರಾಳವಾಗಿ, ಊರಿಗೆಲ್ಲ ಗೊತ್ತಾಗುವ ಹಾಗೆ ಉಸಿರಾಡು. ನಾನು ಕಲಿಸಿದ್ದರಲ್ಲಿ ಇದೊಂದು ತಪ್ಪು. ನಿನ್ನಪ್ಪ ತಪ್ಪು ಒಪ್ಪಿಕೊಂಡಿದ್ದನ್ನು ನಿನ್ನಮ್ಮನಿಗೆ ಮಾತ್ರ ತೋರಿಸಬೇಡ, ಮೂವತ್ತು ವರ್ಷದ ಬಾಕಿಯನ್ನೆಲ್ಲ ತೆಗೆದುಕೊಂಡು ಕೂರುತ್ತಾಳೆ.

ಅವಳಿಗೆ ನಿನಗೆ ನೆಗಡಿ ಎಂದಷ್ಟೇ ಹೇಳಿದ್ದೇನೆ. ಅವಳು ನಂಬಿಲ್ಲ. ಬುದ್ಧನ ಮುಂದೆ ದಿನಾ ಎರಡು ಮೇಣದ ಬತ್ತಿ ಹಚ್ಚುತ್ತಿದ್ದಾಳೆ, ನೆಗಡಿಗೆ ಒಂದು ಸಾಕಿತ್ತು. ಚಟ್ನಿಪುಡಿ ಬೇರೆ ಕಳಿಸುತ್ತಾಳಂತೆ. ಮಧುಸೂದನ್ ಅವರಿಗೆ ನನ್ನ ನಮಸ್ಕಾರ ತಿಳಿಸು. ಅವರು ಕೇಳಿದ ಪ್ರಶ್ನೆಗೆ ಉತ್ತರ ‘ಅವಳಪ್ಪ’ ಎಂದೂ ಹೇಳು. ನೂರು ವರ್ಷ ಬಾಳು ತಾಯಿ.

ಇಂತಿ ನಿನ್ನ ಅಪ್ಪ,
ಬಯ್ಯಪ್ಪ

ಮರೆತ ಮಾತು: ಲಕೋಟೆ ಅಂಟಿಸಿದ ಮೇಲೆ ಬಿಚ್ಚಿ ಬರೆಯುತ್ತಿದ್ದೇನೆ, ಹರಿದಿದ್ದರೆ ಗಾಬರಿಯಾಗಬೇಡ. ಮೇಲಿನದನ್ನೆಲ್ಲ ಓದದಿದ್ದರೂ ಪರವಾಗಿಲ್ಲ, ಇಷ್ಟು ಮಾಡು. ಕಾಗದ ಸೇರಿದ ದಿನವೇ ಭಟ್ಕಳಕ್ಕೆ ಹೋಗಿ ಎದೆಯ ಎಕ್ಸ್‌ರೇ ತೆಗೆಸು. ತೆಗೆಯುವವರು ‘ಉಸಿರು ಹಿಡ್ಕೊಳ್ಳಿ’ ಅನ್ನುತ್ತಾರೆ, ಅಲ್ಲಿ ಮಾತ್ರ ಹಿಡಿ. ಫಿಲ್ಮನ್ನು ಡಾಕ್ಟರಿಗೆ ತೋರಿಸಿದ ಮೇಲೆ ಮಡಚಬೇಡ. ಕಿಟಕಿಯ ಬೆಳಕಿಗೆ ಹಿಡಿದು ಒಂದು ಫೋಟೋ ತೆಗೆದು ಶನಿವಾರ ಸಂಜೆಯೊಳಗೆ ನನ್ನ ವಾಟ್ಸಾಪಿಗೆ ಹಾಕು. ಮಾತಾಡಲು ಇಷ್ಟವಿಲ್ಲದಿದ್ದರೆ ಜೊತೆಗೆ ಏನೂ ಬರೆಯಬೇಡ.