ಜೇಬಿನಲ್ಲಿದ್ದ ಹಳೇ ಸ್ಟ್ರಿಪ್

7 ನವೆಂಬರ್, ಗುರುವಾರ

ಅಂಗಡಿ ಮುಚ್ಚೋ ಮುಂಚೆ ಎರಡು ಸಾಲು. ಅವ್ವನ್ನ ನಂಜನಗೂಡಿನ ಆಸ್ಪತ್ರೆಯಿಂದ ಬಿಡಿಸ್ಕೊಂಡು ನರಸೀಪುರಕ್ಕೆ ತಂದದ್ದಾಯ್ತು. ನ್ಯುಮೋನಿಯಾ ಹೋಗಿದೆ, ಬಾಯಿ ಹೋಗಿಲ್ಲ. "ಲೇ ಸೋಮಾ, ಗುಂಡಿ ನೋಡ್ಕೊಂಡು ಓಡಿಸ್ಲಾ" — ದಾರಿಯುದ್ದಕ್ಕೂ.

ಕವರ್ ತುಂಬಾ ಹೊಸ ಮಾತ್ರೆ, ಶುಗರಿಂದೂ ಸೇರಿ; ಜೊತೆಗೆ ಯಾವ್ದು ಯಾವಾಗ ಅಂತ ಒಂದು ಇಂಗ್ಲಿಷ್ ಹಾಳೆ. ಕಪಾಟಿನಲ್ಲಿ ಹಳೇ ಶುಗರ್ ಮಾತ್ರೆ ಇನ್ನೂ ಇದೆ. ಅದನ್ನ ನಿಲ್ಲಿಸಿ ಅಂತ ಯಾರೂ ಹೇಳಲಿಲ್ಲ. ಕೇಳೋಕೆ ನನಗೂ ಪುರುಸೊತ್ತಿರಲಿಲ್ಲ. ಹೆಸರು ಬೇರೆ, ಬಣ್ಣ ಬೇರೆ... ಎರಡೂ ಕೊಡೋದು. ಪಟ್ಟಿ ಬರೆದು ಗೋಡೆಗೆ ಅಂಟಿಸಿದೆ.

ನಂದಿತಾ ಅಂದಳು, "ಯಾರನ್ನಾದ್ರೂ ಕೇಳ್ಬಿಟ್ಟು ಕೊಡ್ರೀ."

"ಇಪ್ಪತ್ತು ವರ್ಷ ಗೊಬ್ಬರದಂಗಡಿ ಸ್ಟಾಕ್ ನೋಡಿದ ಗಂಡ ಕಣೇ ನಿಂಗೆ. ಹತ್ತು ಮಾತ್ರೆ ನೋಡಕ್ಕಾಗಲ್ವಾ?"

9 ನವೆಂಬರ್, ಶನಿವಾರ

ಹೆಮ್ಮಿಗೆ ಊರಿನ ಬೆಟ್ಟಯ್ಯ ಅಂಗಡಿಗೆ ಬಂದಿದ್ದ. ಎರಡು ಕಂಪ್ನಿ ಹುಳದ ಔಷಧಿ ಒಟ್ಟಿಗೆ ಹೊಡೆದು ಬದನೆ ಗಿಡ ಸುಟ್ಕೊಂಡಿದ್ದಾನೆ.

"ಎಸ್ರು ಬ್ಯಾರೆ ಇತ್ತಲ್ಲ ಸಾ!"

"ಹೆಸರು ಕಂಪ್ನಿಯೋರು ಇಡೋದು ಕಣಯ್ಯಾ. ಕೆಳಗಡೆ ಸಣ್ಣಕ್ಷರ ಓದ್ಬೇಕು. ಒಳಗಿರೋದು ಒಂದೇ."

ಅಂಗಡೀಲಿದ್ದೋರೆಲ್ಲ ನಕ್ಕರು. ನಾನೇ ಜೋರಾಗಿ.

ಅವ್ವ ಸುಸ್ತು ಅಂತಾಳೆ. ಕೈ ನಡುಕ, ಬೆವರು. ಆಸ್ಪತ್ರೆ ಸುಸ್ತು, ಇಳಿಯುತ್ತೆ. ಮಾತ್ರೆ ಒಂದೂ ತಪ್ಪಿಲ್ಲ — ಪಟ್ಟೀಲಿ ಎಲ್ಲಾ ಟಿಕ್.

11 ನವೆಂಬರ್, ಸೋಮವಾರ, ಮಧ್ಯಾಹ್ನ 3

ಕಾರ್ತಿಕ ಸೋಮವಾರ. ಅವ್ವ ಒಪ್ಪತ್ತು. "ನಂಜುಂಡಪ್ಪನ ವಾರ ಬಿಡಕ್ಕಾಯ್ತದಾ?" ತಿಂಡಿ ಬಿಟ್ಟಳು. ಮಾತ್ರೆ ಬಿಡೋಕೆ ನಾನು ಬಿಡಲಿಲ್ಲ. ಹನ್ನೊಂದಕ್ಕೆ ನನ್ನನ್ನೇ ನೋಡಿ, "ಯಾರಪ್ಪ ನೀನು?" ಆಮೇಲೆ ಮಾತೇ ಇಲ್ಲ.

ಇಲ್ಲೇ ಊರಿನ ನರ್ಸಿಂಗ್ ಹೋಂಗೆ ತಂದ್ವಿ. ಶುಗರ್ ಮೂವತ್ತೆಂಟಕ್ಕೆ ಇಳಿದಿತ್ತು. ಗ್ಲೂಕೋಸ್ ಏರಿಸಿದ ಮೇಲೆ ಕಣ್ಣು ಬಿಟ್ಟಳು.

ನರ್ಸ್ ಭಾನುಪ್ರಿಯಾ ಕೇಳಿದರು, "ಈ ಹಾಳೇಲಿರೋದು ಬಿಟ್ಟು ಬೇರೆ ಏನಾದ್ರೂ ಕೊಟ್ರಾ?"

ಹಳೇ ಮಾತ್ರೆ ಸ್ಟ್ರಿಪ್ ನನ್ನ ಜೇಬಲ್ಲೇ. ಬರೋವಾಗ ಸಣ್ಣಕ್ಷರ ಓದಿದ್ದೆ. ಹಳೇದು, ಹೊಸದು — ಎರಡರಲ್ಲೂ ಒಂದೇ ಔಷಧಿ. ಪಕ್ಕದ ಬೆಡ್ ಹತ್ರ ನನ್ನ ಗಿರಾಕಿ ಶಿವಮಲ್ಲಪ್ಪ ನಿಂತಿದ್ದ, ಕಿವಿ ನಮ್ಮ ಕಡೆಗೇ.

"ಇಲ್ಲ ಸಿಸ್ಟರ್. ಉಪವಾಸ, ಅಷ್ಟೇ."

ದೇವರ ಮೇಲೆ ಹಾಕಿಬಿಟ್ಟೆ.

12 ನವೆಂಬರ್, ಮಂಗಳವಾರ, ಬೆಳಿಗ್ಗೆ 7

ನಿನ್ನೆ ಸಂಜೆ ಮನೆಗೆ ಕಳಿಸಿದ್ದರು. ಗಂಜಿ ಕುಡಿದು ಮಲಗಿದಳು. ಬೆಳಿಗ್ಗೆ ಏಳಿಸಿದರೆ ಏಳ್ತಿಲ್ಲ, ಸೀರೆಯೆಲ್ಲ ಬೆವರಿಗೆ ಒದ್ದೆ. ಮತ್ತೆ ಅದೇ ಬೆಡ್. ಶುಗರ್ ಇಪ್ಪತ್ತೊಂಬತ್ತು.

ಡಾಕ್ಟರ್ ಅಂದರು, "ಬರೀ ಉಪವಾಸಕ್ಕೆ ಹೀಗಾಗಲ್ಲ. ಯಾವ ಮಾತ್ರೆ, ಎಷ್ಟು ಅಂತ ಗೊತ್ತಾಗ್ಬೇಕು. ಅಜ್ಜಿ ತಾವೇ ಏನಾದ್ರೂ ನುಂಗಿದ್ರಾ?"

ಎಂಥ ಸಲೀಸು ದಾರಿ. ಹೂಂ ಅಂದರೆ ಮುಗೀತು. ಅವ್ವ ಎದ್ದು ಅಲ್ಲ ಅಂತಾಳಾ?

ನಂದಿತಾ ನನ್ನ ಜೇಬನ್ನೇ ನೋಡ್ತಿದ್ದಳು.

7.20

ಕೊಟ್ಟೆ. ಸ್ಟ್ರಿಪ್, ಗೋಡೆಯಿಂದ ಕಿತ್ಕೊಂಡು ಬಂದ ಪಟ್ಟಿ, ಎರಡೂ. ನಾಲ್ಕು ದಿನ, ದಿನಾ ಬೆಳಿಗ್ಗೆ ಡಬಲ್. ಟಿಕ್ ಎಲ್ಲಾ ನನ್ನ ಕೈಯವೇ.

ಭಾನುಪ್ರಿಯಾ ಬೈಯಲಿಲ್ಲ. "ಈ ಮಾತ್ರೆ ಒಂದೆರಡು ದಿನ ಮೈಯಲ್ಲೇ ಇದ್ದು ಶುಗರ್ ಇಳಿಸ್ತಾನೇ ಇರುತ್ತೆ. ನಿನ್ನೇನೇ ಹೇಳಿದ್ರೆ ಮನೆಗೆ ಕಳಿಸ್ತಿರಲಿಲ್ಲ ಅಣ್ಣಾ." ಬೈದಿದ್ದರೆ ವಾಸಿಯಿತ್ತು.

9.15

ಡ್ರಿಪ್ ಹನಿ ಎಣಿಸ್ತಾ ಕೂತಿದ್ದೀನಿ. ಅವ್ವನ ರೆಪ್ಪೆ ಅಲುಗಿತು. ಕಣ್ಣು ನನ್ನ ಕಡೆಗೇ. ಲೇ ಅನ್ನವ್ವ, ಬೈಯವ್ವ, ಏನಾದ್ರೂ ಅನ್ನು. "ಯಾರಪ್ಪ ನೀನು" ಒಂದು ಬಿಟ್ಟು... ತುಟಿ ತೆರೀತಿದ್ದಾಳೆ —