ಮಾಮನ ಎಡಗಡೆ

ಫೆಬ್ರವರಿ 3, ಸಂಜೆ
ಇವತ್ತೂ ಹನ್ನೊಂದು ಪೇಷೆಂಟ್. ಅವರ ಕೈಕಾಲು ಎತ್ತಿ ಇಳಿಸಿ ನನ್ನ ಸೊಂಟ ಬಿದ್ದುಹೋಗಿದೆ. "ನಿಧಾನ, ಅವಸರ ಇಲ್ಲ" ಎಂದು ಹೇಳಿ ಹೇಳಿ ಬಾಯಿ ಒಣಗಿತು. ಫಿಸಿಯೋಥೆರಪಿ ನನಗೇ ಬೇಕು. ಏಳಕ್ಕೆ ಮೊಬೈಲ್ ಹಿಡಿದು ಆಟಕ್ಕೆ ಕೂತರೆ ಜೀವ ಬರುತ್ತದೆ. ಐದು ಜನರ ಟೀಮ್, ಯಾರೂ ಯಾರ ಮುಖವನ್ನೂ ನೋಡಿಲ್ಲ. ನಮ್ಮಲ್ಲಿ ಹಿರಿಯರು, ಎಲ್ಲರೂ ಮಾಮ ಅನ್ನುವವರು, ವಾಪಸ್ ಬಂದಿದ್ದಾರೆ. ಎರಡು ತಿಂಗಳು ನಾಪತ್ತೆ. ಸ್ವಲ್ಪ ಹುಷಾರಿರಲಿಲ್ಲವಂತೆ, ಅಷ್ಟೇ. ಆಟಕ್ಕೆ ಮುಂಚೆ "ಏನಾದ್ರೂ ತಿಂದ್ಯಾ?" ಎಂದು ಕೇಳುವ ಏಕೈಕ ಪ್ರಾಣಿ.

ಫೆಬ್ರವರಿ 5
ಸೋತೆವು. ಮಾಮ ಎಡಗಡೆಯಿಂದ ಬಂದವನನ್ನು ನೋಡಲೇ ಇಲ್ಲ. ಮೂರು ಸಲ. ಎಡಕ್ಕೆ, ಎಡಕ್ಕೆ ಎಂದು ಗಂಟಲು ಹರಿದುಕೊಂಡೆ. ಯಾರೂ ಇಲ್ಲವಲ್ಲ ಅನ್ನುತ್ತಾರೆ... ಅವನು ಪಕ್ಕದಲ್ಲೇ ನಿಂತು ಗುಂಡು ಹೊಡೆಯುತ್ತಿರುವಾಗ. ಒಂದು ಆಟಕ್ಕೆ ಇಷ್ಟು ಕೋಪ ಬರಬಾರದು. ಬರುತ್ತದೆ. ಹಗಲೆಲ್ಲ ನುಂಗಿಕೊಂಡದ್ದು ಎಲ್ಲಾದರೂ ಹೋಗಬೇಕಲ್ಲ.

ಫೆಬ್ರವರಿ 8
ಫೈನಲ್‌ಗೆ ಒಂದೇ ಮ್ಯಾಚ್ ಬಾಕಿ ಇತ್ತು. ಹೋಯಿತು. ಅದೇ ಎಡಗಡೆ. ಮೈಕ್ ಆನ್ — ಎಲ್ಲರೂ ಕೇಳುತ್ತಿದ್ದರು. "ಕಣ್ಣು ಕಾಣಲ್ವಾ ನಿಮ್ಗೆ? ಆಗಲ್ಲ ಅಂದ್ರೆ ಸುಮ್ನೆ ಮಲ್ಕೊಳ್ಳಿ" ಅಂದುಬಿಟ್ಟೆ. ಅಪ್ಪನ ವಯಸ್ಸಿನವರಿಗೆ. ಕ್ಯಾಪ್ಟನ್ ವೋಟಿಗೆ ಹಾಕಿದ. ತೆಗೆಯಿರಿ ಅಂದವರಲ್ಲಿ ನಾನೇ ಮೊದಲು. ಮಾಮ ಜಗಳ ಆಡಲಿಲ್ಲ. "ಆಯ್ತಮ್ಮ. ಏನಾದ್ರೂ ತಿನ್ನು" ಅಂದು ಹೋದರು.

ಫೆಬ್ರವರಿ 19
ಹೊಸಬ ಚೆನ್ನಾಗಿ ಆಡುತ್ತಾನೆ. ಗೆಲ್ಲುತ್ತಿದ್ದೇವೆ. ತಿಂದ್ಯಾ ಅಂತ ಯಾರೂ ಕೇಳುವುದಿಲ್ಲ.

ಫೆಬ್ರವರಿ 21, ಮಧ್ಯಾಹ್ನ 1.30, ಕ್ಲಿನಿಕ್
ಹೊಸ ಪೇಷೆಂಟ್. ಟೈಲರ್. ಸ್ಟ್ರೋಕ್ ಆಗಿ ಮೂರು ತಿಂಗಳು. ಬಲಗೆನ್ನೆ ನುಣ್ಣಗೆ ಶೇವ್, ಎಡಗೆನ್ನೆಯಲ್ಲಿ ವಾರದ ಗಡ್ಡ. ತಟ್ಟೆಯಲ್ಲೂ ಎಡಗಡೆಯದ್ದನ್ನು ಹಾಗೇ ಬಿಡುತ್ತಾರೆ ಎಂದು ಹೆಂಡತಿ ನಗುನಗುತ್ತಲೇ ಅತ್ತರು. ಎಂದಿನ ಪಾಠ ಒಪ್ಪಿಸಿದೆ: ಕಣ್ಣು ಸರಿಯಾಗಿದೆ, ಎಡಗಡೆ ಅನ್ನೋದು ಒಂದಿದೆ ಎಂಬುದನ್ನೇ ಮಿದುಳು ಮರೆತಿದೆ, ಬೈಯಬೇಡಿ, ಎಡಗಡೆ ಕೂತು ಮಾತಾಡಿಸಿ...
ಎಡಗಡೆ. ಎರಡು ತಿಂಗಳು ಹುಷಾರಿಲ್ಲ. ಮಾಮ.
ಹನ್ನೆರಡು ವರ್ಷದ ಸರ್ವೀಸ್. ದಿನಾ ನೋಡುವ ಕಾಯಿಲೆ. ನಾಚಿಕೆಯಾಗುತ್ತದೆ.

ಫೆಬ್ರವರಿ 22
ಮಾಮನನ್ನು ವಾಪಸ್ ತಗೋ ಎಂದು ಕ್ಯಾಪ್ಟನ್‌ಗೆ ಹೇಳಿದೆ. ಜಾಗ ಇಲ್ಲವಂತೆ. ನನ್ನ ಜಾಗ ಕೊಡು ಎಂದೆ. ನಕ್ಕ. ಟೀಮ್ ಬಿಟ್ಟೆ. ಮಾಮನಿಗೆ ಮೆಸೇಜ್ ಹಾಕಿದೆ — ತಪ್ಪಾಯ್ತು, ಇಬ್ಬರೇ ಆಡೋಣ, ದಿನಾ ಏಳಕ್ಕೆ ಇರುತ್ತೇನೆ. ಹದಿನಾಲ್ಕು ದಿನದಿಂದ ಅವರು ಆನ್‌ಲೈನ್ ಬಂದಿಲ್ಲ. ಹೆಸರು ಗೊತ್ತಿಲ್ಲ, ನಂಬರ್ ಇಲ್ಲ. ಎಲ್ಲಿ ಹುಡುಕಲಿ?

ಮಾರ್ಚ್ 6
ಏಳರಿಂದ ಎಂಟು. ಇಲ್ಲ.

ಮಾರ್ಚ್ 11, ಸಂಜೆ 7.40
ಹಸಿರು ಚುಕ್ಕೆ, ಆನ್‌ಲೈನ್. ಮಾಮ. "ಏನಾದ್ರೂ ತಿಂದ್ಯಾ?" ಅಂದರು, ಏನೂ ಆಗಿಯೇ ಇಲ್ಲ ಎಂಬಂತೆ. ಅಳು ಬಂತು. ಸ್ಟ್ರೋಕಾ ಮಾಮ ಎಂದು ಕೇಳಿದೆ. ಹ್ಞೂಂ ಅಂದರು. ಹೇಳಿದರೆ ಟೀಮಿನಿಂದ ತೆಗೆಯುತ್ತೀರಿ ಎಂಬ ಭಯವಂತೆ.
ಆಟದಲ್ಲಿ ಅವರ ಎಡಗಡೆ ಹೋಗಿ ನಿಂತೆ. "ಎಲ್ಲಿದ್ದೀಯಮ್ಮ, ಕಾಣ್ತಾನೇ ಇಲ್ವಲ್ಲ?"
"ಇಲ್ಲೇ ಇದ್ದೀನಿ ಮಾಮ. ಎಡಕ್ಕೆ ತಿರುಗಿ. ನಿಧಾನ, ಅವಸರ ಇಲ್ಲ."
ತಿರುಗಲು ಬಹಳ ಹೊತ್ತು ಹಿಡಿಯಿತು. ಅಷ್ಟರಲ್ಲಿ ಇಬ್ಬರೂ ಸತ್ತೆವು. ಮಾಮ ನಕ್ಕರು. ಇನ್ನೊಂದು ಆಟಕ್ಕೆ ಕರೆಯುತ್ತಿದ್ದಾರೆ, ಉಳಿದದ್ದು ಆಮೇಲೆ —